ಯುದ್ಧದ ಫೋಟೋಗೆ ಎರಡು ತಾರೀಖು

ಪ್ರಶ್ನೆ: ವಿಯೆಟ್ನಾಂ ಯುದ್ಧ ನಿಂತಿದ್ದೇ ಪತ್ರಿಕೆಗಳಲ್ಲಿ ಬಂದ ಫೋಟೋಗಳಿಂದ ಅಂತ ಓದಿದ್ದೇನೆ. ಆದರೆ ಹೆಸರುವಾಸಿ ಯುದ್ಧದ ಫೋಟೋಗಳಲ್ಲಿ ಎಷ್ಟೋ ಬೇಕಂತಲೇ ಜೋಡಿಸಿ ತೆಗೆದವು ಅಂತಲೂ ಹೇಳುತ್ತಾರೆ. ಯಾವುದನ್ನು ನಂಬಲಿ? ಪತ್ರಿಕೆಯ ಫೋಟೋ ನೋಡಿ ಜನರಿಗೆ ಯುದ್ಧದ ಬಗ್ಗೆ ನಿಜವಾಗಿ ಏನಾದರೂ ತಿಳಿಯಿತಾ?

ಉತ್ತರ: ತಿಳಿಯಿತು. ಆದರೆ ಯಾವಾಗ ತಿಳಿಯಿತು ಅಂತಲೂ ಜೊತೆಗೇ ಕೇಳಬೇಕು. ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರಿಗೆ ಪಾಠ ಮಾಡುವಾಗ ನಾನು ಮೊದಲ ದಿನವೇ ಒಂದು ಮಾತು ಹೇಳುತ್ತೇನೆ. ಯುದ್ಧದ ಪ್ರತಿ ಫೋಟೋಗೂ ಎರಡು ತಾರೀಖು ಇರುತ್ತವೆ. ಒಂದು, ಕ್ಯಾಮೆರಾ ಕ್ಲಿಕ್ ಅಂದ ದಿನ. ಇನ್ನೊಂದು, ಅದು ಓದುಗರ ಕಣ್ಣಿಗೆ ಬಿದ್ದ ದಿನ. ಪುಸ್ತಕಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಜನರಿಗೆ ಏನು ಗೊತ್ತಿತ್ತು ಅನ್ನೋದನ್ನು ಹೇಳುವುದು ಎರಡನೆಯದು.

ಮೂರು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಐವೊ ಜಿಮಾ ದ್ವೀಪದ ಬೆಟ್ಟದ ಮೇಲೆ ಅಮೆರಿಕದ ಸೈನಿಕರು ಬಾವುಟ ನೆಟ್ಟ ಫೋಟೋ ತೆಗೆದದ್ದು 1945ರ ಫೆಬ್ರವರಿ 23ರಂದು. ಎರಡೇ ದಿನಕ್ಕೆ, ಭಾನುವಾರದ ಪತ್ರಿಕೆಗಳಲ್ಲಿ ಅದು ಬಂತು. ವಿಯೆಟ್ನಾಂನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು ಮಕ್ಕಳನ್ನು ಕೊಂದು ಹಾಕಿದ ಫೋಟೋ ತೆಗೆದದ್ದು 1968ರ ಮಾರ್ಚ್ 16ರಂದು. ಅದು ಅಚ್ಚಾಗಲು 20 ತಿಂಗಳು ಬೇಕಾಯಿತು. ಹಿರೋಶಿಮಾ, ನಾಗಸಾಕಿಯಲ್ಲಿ ಬಾಂಬ್ ಬಿದ್ದಾಗ ತೆಗೆದ ಫೋಟೋಗಳನ್ನು ಜಪಾನಿನ ಉದ್ದಗಲಕ್ಕೂ ಜನ ನೋಡಿದ್ದು ಏಳು ವರ್ಷ ಕಳೆದ ಮೇಲೆ, 1952ರಲ್ಲಿ. ಹೆಮ್ಮೆ ತರುವ ಫೋಟೋಗೆ ರೆಕ್ಕೆ ಇತ್ತು. ನಾಚಿಕೆ ತರುವ ಫೋಟೋ ಕುಂಟುತ್ತಾ ಬಂತು.

ಮೊದಮೊದಲು ತಡ ಆಗುತ್ತಿದ್ದುದು ಯಂತ್ರದಿಂದ, ಅದರಲ್ಲಿ ಯಾರ ಹುನ್ನಾರವೂ ಇರಲಿಲ್ಲ. ಬ್ರಿಟಿಷ್ ಫೋಟೋಗ್ರಾಫರ್ ರೋಜರ್ ಫೆಂಟನ್ 1855ರಲ್ಲಿ ರಷ್ಯಾ ವಿರುದ್ಧದ ಕ್ರಿಮಿಯಾ ಯುದ್ಧಕ್ಕೆ ಹೋದಾಗ ಒಂದು ಗಾಡಿಯನ್ನೇ ಡಾರ್ಕ್ ರೂಂ ಮಾಡಿಕೊಂಡಿದ್ದ. ಗಾಜಿನ ತಟ್ಟೆಗೆ ರಾಸಾಯನಿಕ ಸವರಿ, ಅದು ಒಣಗುವ ಮೊದಲೇ ಫೋಟೋ ತೆಗೆದು, ತಕ್ಷಣ ತೊಳೆಯಬೇಕಿತ್ತು. ಒಂದೊಂದು ಚಿತ್ರಕ್ಕೂ ಕೆಲವು ಸೆಕೆಂಡು ಯಾರೂ ಅಲುಗಾಡುವ ಹಾಗಿಲ್ಲ. ಓಡುವ ಕುದುರೆ, ಹಾರುವ ಗುಂಡು, ಬೀಳುವ ಸೈನಿಕ ಯಾವುದೂ ಸಿಗುತ್ತಿರಲಿಲ್ಲ. ಸುಮಾರು 360 ಚಿತ್ರಗಳೊಂದಿಗೆ ಅವನು ವಾಪಸ್ ಬಂದ. ಗುಡಾರ, ಫಿರಂಗಿ, ಹಡಗು ನಿಲ್ಲುವ ಬಂದರು, ಕೂತ ಅಧಿಕಾರಿಗಳು. ಒಂದೇ ಒಂದು ಹೆಣ ಇಲ್ಲ. ಅರ್ಧ ಹೂತ ಅಸ್ಥಿಪಂಜರಗಳನ್ನು ನೋಡಿದೆ ಅಂತ ಅವನೇ ಪತ್ರದಲ್ಲಿ ಬರೆದಿದ್ದಾನೆ, ಫೋಟೋ ಮಾತ್ರ ತೆಗೆಯಲಿಲ್ಲ. ಆ ಯುದ್ಧದಲ್ಲಿ ಬ್ರಿಟನ್ನಿನ ಜನರ ಕಣ್ಣು ತೆರೆಸಿದ್ದು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ವಿಲಿಯಂ ಹೋವರ್ಡ್ ರಸೆಲ್ ಬರೆದ ವರದಿಗಳು. ಔಷಧಿ ಇಲ್ಲದೆ, ಬೆಚ್ಚಗಿನ ಬಟ್ಟೆ ಇಲ್ಲದೆ ಸೈನಿಕರು ಸಾಯುತ್ತಿದ್ದಾರೆ ಅಂತ ಅಕ್ಷರ ಹೇಳಿತು. ಫೋಟೋ ಹೇಳಲಿಲ್ಲ.

ಆಗಿನ ಮುದ್ರಣ ಯಂತ್ರಕ್ಕೆ ಫೋಟೋವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲು ಆಗುತ್ತಲೂ ಇರಲಿಲ್ಲ. ಫೋಟೋ ನೋಡಿಕೊಂಡು ಕುಶಲಕರ್ಮಿ ಮರದ ಹಲಗೆಯಲ್ಲಿ ಚಿತ್ರ ಕೆತ್ತುತ್ತಿದ್ದ, ಅದು ಅಚ್ಚಾಗುತ್ತಿತ್ತು. ಹಾಗಾಗಿ ಅಮೆರಿಕದ ಅಂತರ್ಯುದ್ಧದ ಫೋಟೋಗಳನ್ನು ಜನ ಮೊದಲು ಕಂಡದ್ದು ಗೋಡೆಯ ಮೇಲೆ. 1862ರ ಸೆಪ್ಟೆಂಬರ್ 17ರಂದು ಆಂಟೀಟಮ್ ಕಾಳಗ ನಡೆಯಿತು. ಹೆಣಗಳನ್ನು ಹೂಳುವ ಮೊದಲೇ ಫೋಟೋಗ್ರಾಫರ್ ಅಲೆಕ್ಸಾಂಡರ್ ಗಾರ್ಡನರ್ ಅಲ್ಲಿದ್ದ. ಮರು ತಿಂಗಳು ನ್ಯೂಯಾರ್ಕ್‌ನಲ್ಲಿ ಅವನ ಮಾಲೀಕ ಮ್ಯಾಥ್ಯೂ ಬ್ರೇಡಿಯ ಗ್ಯಾಲರಿಯಲ್ಲಿ ಆ ಫೋಟೋಗಳನ್ನು ತೂಗುಹಾಕಿದರು. ಜನ ಮೆಟ್ಟಿಲು ಹತ್ತಿ ಬಂದು, ಬೇಲಿಯ ಪಕ್ಕ ಊದಿಕೊಂಡು ಬಿದ್ದ ಹುಡುಗರ ಮುಖಗಳನ್ನು ಹತ್ತಿರದಿಂದ ನೋಡಿದರು. ಬ್ರೇಡಿ ಹೆಣಗಳನ್ನೇ ತಂದು ನಮ್ಮ ಮನೆ ಅಂಗಳದಲ್ಲಿ ಮಲಗಿಸದಿದ್ದರೂ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದ್ದಾನೆ ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅಲ್ಲಿಯವರೆಗೆ ಯುದ್ಧ ಅಂದರೆ ಸತ್ತವರ ಪಟ್ಟಿ, ಬೆಳಗಿನ ಪತ್ರಿಕೆಯ ಒಂದು ಕಾಲಂ. ಅಷ್ಟೇ.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಭಾಗಕ್ಕೆ ಬರುತ್ತೇನೆ. ಜೋಡಿಸಿ ತೆಗೆದದ್ದು ನಿಜವೇ? ಕೆಲವು ನಿಜ. ಫೆಂಟನ್ ಒಂದೇ ಕಣಿವೆಯನ್ನು ಒಂದೇ ಜಾಗದಿಂದ ಎರಡು ಸಲ ತೆಗೆದ. ಒಂದರಲ್ಲಿ ರಸ್ತೆ ಖಾಲಿ, ಫಿರಂಗಿ ಗುಂಡುಗಳು ಪಕ್ಕದ ಹಳ್ಳದಲ್ಲಿವೆ. ಇನ್ನೊಂದರಲ್ಲಿ ಗುಂಡುಗಳು ರಸ್ತೆಯ ತುಂಬಾ ಚೆಲ್ಲಿವೆ. ಯಾವುದು ಮೊದಲು ತೆಗೆದದ್ದು ಅಂತ ಬಹಳ ಕಾಲ ವಾದ ನಡೆಯಿತು. ಕೊನೆಗೆ ಇಳಿಜಾರಿನ ಸಣ್ಣ ಕಲ್ಲುಗಳು ಬಿಡಿಸಿದವು. ಎರಡನೇ ಚಿತ್ರದಲ್ಲಿ ಅವು ಸ್ವಲ್ಪ ಕೆಳಗೆ ಜಾರಿವೆ, ಯಾರೋ ಅಲ್ಲಿ ತುಳಿದು ಓಡಾಡಿದ್ದಾರೆ. ಅಂದರೆ ಖಾಲಿ ರಸ್ತೆಯೇ ಮೊದಲು. ಗುಂಡುಗಳನ್ನು ಆಮೇಲೆ ತಂದು ಹರಡಿದ್ದಾರೆ.

ಗಾರ್ಡನರ್ ಇನ್ನೂ ಮುಂದೆ ಹೋದ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಬಂಡೆಗಳ ನಡುವೆ ಸತ್ತು ಬಿದ್ದ ಒಬ್ಬ ಸೈನಿಕನ ಫೋಟೋ ತೆಗೆದು, ಮರೆಯಲ್ಲಿ ಕೂತು ಗುರಿಯಿಟ್ಟು ಹೊಡೆಯುತ್ತಿದ್ದವನು ಇವನು, ಒಬ್ಬನೇ ನರಳಿ ಸತ್ತ ಅಂತ ಕತೆ ಕಟ್ಟಿದ. ನೂರು ವರ್ಷ ಜನ ನಂಬಿದರು. ಆಮೇಲೆ ಫೋಟೋಗಳನ್ನು ಹೋಲಿಸಿ ನೋಡಿದಾಗ, ಅದೇ ಹೆಣ ಸುಮಾರು 40 ಗಜ ದೂರದಲ್ಲಿ ಬೇರೆ ಫೋಟೋಗಳಲ್ಲೂ ಇರುವುದು ಗೊತ್ತಾಯಿತು. ಹೊತ್ತುಕೊಂಡು ಬಂದು ಮಲಗಿಸಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಹುಡುಗ ಸತ್ತಿದ್ದು ನಿಜ. ಆ ಕಾಳಗದಲ್ಲೇ ಸತ್ತಿದ್ದೂ ನಿಜ. ಹೆಣ ಹೊತ್ತು ತಂದು ಮಲಗಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುಗರಿಗೆ ದೊಡ್ಡ ಸುಳ್ಳು ಹೇಳಿದ್ದು ಅದರ ಕೆಳಗೆ ಬರೆದ ಸಾಲುಗಳು. ಅಡಿಬರಹ ಅಂತೀವಲ್ಲ, ಅದು. ನನ್ನ ಅನುಭವದಲ್ಲಿ ಫೋಟೋ ತಿದ್ದಿ ಮೋಸ ಮಾಡಿದವರಿಗಿಂತ ಅಡಿಬರಹದಲ್ಲಿ ಮೋಸ ಮಾಡಿದವರೇ ಜಾಸ್ತಿ. ಅದನ್ನು ಹಿಡಿಯೋದೂ ಕಷ್ಟ, ಯಾಕಂದರೆ ಕಣ್ಣು ಚಿತ್ರದ ಮೇಲಿರುತ್ತದೆ.

1880ರ ದಶಕದಿಂದ ಚುಕ್ಕಿಗಳ ಮೂಲಕ ಫೋಟೋವನ್ನೇ ಅಚ್ಚು ಹಾಕುವ ವಿಧಾನ ಬಂತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ದಿನಪತ್ರಿಕೆಗಳಲ್ಲಿ ಫೋಟೋ ಮಾಮೂಲಾಯಿತು. ಯಂತ್ರದ ತಡ ಹೋಯಿತು. ಆ ಜಾಗಕ್ಕೆ ಸೆನ್ಸಾರ್ ಬಂತು.

ಮೊದಲ ಮಹಾಯುದ್ಧದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸೈನಿಕರು ಜೇಬಿನಲ್ಲಿ ಹಿಡಿಯುವ ಕೊಡಕ್ ಕ್ಯಾಮೆರಾ ಒಯ್ದಿದ್ದರು. 1914ರ ಕ್ರಿಸ್‌ಮಸ್ ದಿನ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕದಿಂದ ಎದ್ದು ಬಂದು ಕೈಕುಲುಕಿದರಲ್ಲ, ಆ ಫೋಟೋ ಲಂಡನ್ನಿನ ಡೈಲಿ ಮಿರರ್ ಮುಖಪುಟದಲ್ಲಿ 1915ರ ಜನವರಿ 8ರಂದು ಬಂತು. ಶತ್ರುವಿನ ಜೊತೆ ನಿಂತು ನಗುವ ಸೈನಿಕ! ಸೇನೆ ಸೈನಿಕರ ಕ್ಯಾಮೆರಾಗಳ ಮೇಲಿನ ನಿಷೇಧವನ್ನು ಬಿಗಿ ಮಾಡಿತು. ಆಮೇಲೆ ಫೋಟೋ ತೆಗೆಯುವ ಕೆಲಸ ಬೆರಳೆಣಿಕೆಯಷ್ಟು ಅಧಿಕೃತ ಫೋಟೋಗ್ರಾಫರ್‌ಗಳದ್ದಾಯಿತು. ಫ್ರಾನ್ಸ್‌ನಲ್ಲಿದ್ದ ಬ್ರಿಟಿಷ್ ಸೇನೆಗೆ ಮೊದಲ ಅಧಿಕೃತ ಫೋಟೋಗ್ರಾಫರ್ ಅರ್ನೆಸ್ಟ್ ಬ್ರೂಕ್ಸ್ ಬಂದದ್ದೇ 1916ರಲ್ಲಿ. ಅದೇ ವರ್ಷ ಜುಲೈ 1ರಂದು ಸೊಮ್‌ನಲ್ಲಿ ಒಂದೇ ದಿನಕ್ಕೆ 19 ಸಾವಿರಕ್ಕೂ ಜಾಸ್ತಿ ಬ್ರಿಟಿಷ್ ಸೈನಿಕರು ಸತ್ತರು. ಪತ್ರಿಕೆ ಓದಿದವರು ಕಂಡದ್ದು ನಗುತ್ತಾ ಟೋಪಿ ಬೀಸುವ ಸೈನಿಕರನ್ನು. ಆ ಫೋಟೋಗಳೂ ಸುಳ್ಳಲ್ಲ, ಸೈನಿಕರು ನಿಜಕ್ಕೂ ಟೋಪಿ ಬೀಸಿದ್ದರು. ಉಳಿದದ್ದನ್ನು ತೋರಿಸಲಿಲ್ಲ.

1930ರ ದಶಕದಲ್ಲಿ ಲೈಕಾದಂಥ ಸಣ್ಣ ಕ್ಯಾಮೆರಾ, ಉದ್ದದ ಫಿಲ್ಮ್ ರೋಲ್ ಬಂದ ಮೇಲೆ ಫೋಟೋಗ್ರಾಫರ್ ಸೈನಿಕನ ಜೊತೆ ಓಡಬಲ್ಲವನಾದ. ಸ್ಪೇನಿನ ಅಂತರ್ಯುದ್ಧದಲ್ಲಿ ರಾಬರ್ಟ್ ಕಾಪಾ ಮತ್ತು ಗೆರ್ಡಾ ಟಾರೊ ಹೀಗೇ ಕೆಲಸ ಮಾಡಿದರು. ಕಾಪಾನ ಗುಂಡೇಟಿಗೆ ಬೀಳುವ ಸೈನಿಕನ ಫೋಟೋ 1936ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ವೂ ಪತ್ರಿಕೆಯಲ್ಲಿ ಬಂತು. ಅದನ್ನು ತೆಗೆದ ಜಾಗ ಅಡಿಬರಹಗಳು ಹೇಳುತ್ತಿದ್ದ ಊರಲ್ಲ, ಬೆಟ್ಟಗಳ ಸಾಲು ನೋಡಿದರೆ ಎಸ್ಪೆಹೋ ಎಂಬ ಬೇರೆ ಊರಿನ ಹತ್ತಿರ ಅಂತ ಸಂಶೋಧಕರು ತೋರಿಸಿದ ಮೇಲೆ ಅದರ ಬಗ್ಗೆ ಅನುಮಾನ ಜಾಸ್ತಿಯಾಗಿದೆ. ನಾನಂತೂ ತರಗತಿಯಲ್ಲಿ ಅದನ್ನು ಸಾವಿನ ಸಾಕ್ಷಿ ಅಂತ ಹೇಳುವುದನ್ನು ನಿಲ್ಲಿಸಿದ್ದೇನೆ. ಟಾರೊ 1937ರ ಜುಲೈನಲ್ಲಿ ಬ್ರುನೆಟೆ ಕಾಳಗದಲ್ಲಿ ಟ್ಯಾಂಕ್‌ಗೆ ಸಿಕ್ಕಿ ತೀರಿಕೊಂಡಳು. ಇನ್ನೂ 26 ವಯಸ್ಸು. ಅವಳು ತೆಗೆದ ಎಷ್ಟೋ ಫೋಟೋಗಳು ಕಾಪಾನ ಹೆಸರಲ್ಲೇ ಓಡಾಡುತ್ತಿದ್ದವು. ಆ ಯುದ್ಧದ ಸುಮಾರು 4,500 ನೆಗೆಟಿವ್‌ಗಳಿದ್ದ ಪೆಟ್ಟಿಗೆಗಳು ಮೆಕ್ಸಿಕೋದಿಂದ ಹೊರಬಂದು 2007ರಲ್ಲಿ ನ್ಯೂಯಾರ್ಕ್ ತಲುಪಿದ ಮೇಲೆ ಅವಳ ಕೆಲಸ ಅವಳ ಹೆಸರಿಗೆ ಬಂತು. ಎಪ್ಪತ್ತು ವರ್ಷ!

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಓದುಗರು ಮೊದಲ 21 ತಿಂಗಳು ತಮ್ಮವರ ಒಂದು ಹೆಣವನ್ನೂ ಪತ್ರಿಕೆಯಲ್ಲಿ ನೋಡಲಿಲ್ಲ. ಸೆನ್ಸಾರ್ ಬಿಟ್ಟಿರಲಿಲ್ಲ. ನ್ಯೂಗಿನಿಯ ಬೂನಾ ಕಡಲತೀರದಲ್ಲಿ ಮರಳಿನಲ್ಲಿ ಅರ್ಧ ಹೂತುಹೋದ ಮೂವರು ಸೈನಿಕರ ಹೆಣಗಳನ್ನು ಜಾರ್ಜ್ ಸ್ಟ್ರಾಕ್ ಫೋಟೋ ತೆಗೆದಿದ್ದ. ತಿಂಗಳುಗಟ್ಟಲೆ ಅದು ಬೀಗದೊಳಗಿತ್ತು. ಕೊನೆಗೆ 1943ರ ಸೆಪ್ಟೆಂಬರ್ 20ರ ಲೈಫ್ ಪತ್ರಿಕೆಯಲ್ಲಿ ಬಂತು. ಯಾಕೆ ಬಿಟ್ಟರು? ಯುದ್ಧ ಗೆದ್ದೇಬಿಟ್ಟೆವು ಅಂತ ಜನ ಹಾಯಾಗಿದ್ದಾರೆ, ಅವರಿಗೆ ಇದರ ಬೆಲೆ ಗೊತ್ತಾಗಲಿ ಅಂತ ಸರ್ಕಾರಕ್ಕೇ ಅನಿಸಿತು. ಅಂದರೆ ಮುಚ್ಚಿಟ್ಟಿದ್ದಕ್ಕೂ ಒಂದು ಲೆಕ್ಕಾಚಾರ ಇತ್ತು, ಬಿಚ್ಚಿಟ್ಟಿದ್ದಕ್ಕೂ ಒಂದು ಲೆಕ್ಕಾಚಾರ ಇತ್ತು. ಆ ಫೋಟೋದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಆದರೂ ಅದು ಒಳ್ಳೆಯ ಕೆಲಸ ಮಾಡಿತು ಅಂತಲೇ ನಾನು ಹೇಳುತ್ತೇನೆ. ಯಾವ ಕಾರಣಕ್ಕೇ ಬಿಡಲಿ, ಜನ ನೋಡಿದರಲ್ಲ.

ಅದೇ 1943ರಲ್ಲಿ, ಅದಕ್ಕೂ ಒಂದು ತಿಂಗಳ ಮೊದಲು, ನನಗೆ ತುಂಬಾ ಮುಖ್ಯ ಅನಿಸುವ ಇನ್ನೊಂದು ಘಟನೆ ನಡೆಯಿತು. ಯುದ್ಧದ ಫೋಟೋ ಬಗ್ಗೆ ಬರೆಯುವವರು ಇದನ್ನು ಬಿಟ್ಟೇಬಿಡುತ್ತಾರೆ, ಯಾಕಂದರೆ ಇದರಲ್ಲಿ ಬಂದೂಕಿಲ್ಲ. ಬಂಗಾಳದ ಬರಗಾಲ. ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಜಪಾನ್ ಸೇನೆಗೆ ಸಿಗಬಾರದು ಅಂತ ಸರ್ಕಾರವೇ ಕರಾವಳಿ ಬಂಗಾಳದ ದೋಣಿಗಳನ್ನು ಕಿತ್ತುಕೊಂಡಿತ್ತು. ಅಕ್ಕಿಯ ಬೆಲೆ ಆಕಾಶಕ್ಕೇರಿತು. ಹಳ್ಳಿಗಳಿಂದ ಜನ ಕಲ್ಕತ್ತೆಗೆ ನಡೆದು ಬಂದು ಫುಟ್‌ಪಾತ್‌ನಲ್ಲಿ ಸಾಯುತ್ತಿದ್ದರು. ಸರ್ಕಾರ ಮಾತ್ರ ಬರಗಾಲ ಅನ್ನೋ ಪದವನ್ನೇ ಒಪ್ಪಲಿಲ್ಲ. ಯುದ್ಧಕಾಲದ ಸೆನ್ಸಾರ್ ನಿಯಮದಿಂದ ಪತ್ರಿಕೆಗಳು ಬಾಯಿ ಬಿಡುವ ಹಾಗಿರಲಿಲ್ಲ.

ಕಲ್ಕತ್ತೆಯ ದಿ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಒಬ್ಬ ಇಂಗ್ಲಿಷ್ ಮನುಷ್ಯ. ಪತ್ರಿಕೆಯೂ ಬ್ರಿಟಿಷರದ್ದೇ. ನಿಯಮಗಳು ಬರಹದ ಮೇಲೆ ಕಣ್ಣಿಟ್ಟಿದ್ದವು, ಫೋಟೋಗಳ ಬಗ್ಗೆ ಅಷ್ಟು ಖಚಿತವಾಗಿ ಏನೂ ಹೇಳಿರಲಿಲ್ಲ. ಆ ಸಂದಿಯಲ್ಲಿ ಅವರು ನುಗ್ಗಿದರು. ಆಗಸ್ಟ್ 22ರ ಭಾನುವಾರ, ಬೀದಿಯಲ್ಲಿ ಹಸಿವಿನಿಂದ ಒಣಗಿಹೋದ ಹೆಂಗಸರು ಮಕ್ಕಳ ಫೋಟೋಗಳನ್ನು ಅಚ್ಚು ಹಾಕಿದರು. ಮುಂದಿನ ವಾರ ಮತ್ತೆ ಹಾಕಿದರು. ಕಲ್ಕತ್ತೆಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ, ಬಾಗಿಲು ತೆರೆದರೆ ಕಾಣುತ್ತಿತ್ತು. ದೆಹಲಿಗೆ, ಲಂಡನ್ನಿಗೆ, ವಾಷಿಂಗ್ಟನ್ನಿಗೆ ಅದು ಹೊಸದು. ಬರಗಾಲ ಇಲ್ಲ ಅನ್ನುವ ಮಾತನ್ನು ಇನ್ನು ಹೇಳಲು ಆಗಲಿಲ್ಲ. ಅಕ್ಟೋಬರ್‌ನಲ್ಲಿ ವೈಸ್‌ರಾಯ್ ಆಗಿ ಬಂದ ವೇವೆಲ್ ಪರಿಹಾರದ ಕೆಲಸಕ್ಕೆ ಸೇನೆಯನ್ನು ಇಳಿಸಿದರು. ಅಷ್ಟರಲ್ಲಿ ಎಷ್ಟೋ ಜನ ಹೋಗಿದ್ದರು. ಒಟ್ಟು 20ರಿಂದ 30 ಲಕ್ಷ ಜನ ಸತ್ತರು ಅಂತ ಅಂದಾಜು. ಅದೇ ಹೊತ್ತಿಗೆ ಸುನಿಲ್ ಜಾನಾ ಎಂಬ ಯುವಕ ಹಳ್ಳಿಗಳಲ್ಲಿ ಓಡಾಡಿ ತೆಗೆದ ಫೋಟೋಗಳು ಕಮ್ಯುನಿಸ್ಟ್ ಪಕ್ಷದ ಪೀಪಲ್ಸ್ ವಾರ್ ಪತ್ರಿಕೆಯಲ್ಲಿ ಬಂದವು. ಇವತ್ತು ಬಂಗಾಳದ ಬರಗಾಲ ಅಂದರೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳು ಹೆಚ್ಚಾಗಿ ಅವರವೇ. ಫೋಟೋ ಜನರಿಗೆ ತಿಳಿಸಿತಾ ಅಂತ ಕೇಳಿದಿರಿ. ಇಲ್ಲಿ ಹೌದು ಅನ್ನಲು ನನಗೆ ಸ್ವಲ್ಪವೂ ಅಳುಕಿಲ್ಲ. ಮೇ ತಿಂಗಳಲ್ಲಿ ಬಂದಿದ್ದರೆ ಇನ್ನೂ ಎಷ್ಟು ಜೀವ ಉಳಿಯುತ್ತಿದ್ದವೋ ಅನ್ನೋ ಸಂಕಟವೂ ಅದರ ಜೊತೆಗೇ ಇದೆ.

ಐವೊ ಜಿಮಾ ಬಾವುಟದ ಫೋಟೋ ನಾಟಕ ಅಂತ ನೀವು ಕೇಳಿರಬಹುದು. ಅದು ನಾಟಕ ಅಲ್ಲ. ಅವತ್ತು ಮೊದಲು ಒಂದು ಸಣ್ಣ ಬಾವುಟ ಹಾರಿಸಿದ್ದರು. ಕೆಳಗಿನವರಿಗೂ ಕಾಣಲಿ ಅಂತ ಆಮೇಲೆ ದೊಡ್ಡದನ್ನು ಏರಿಸಿದರು. ಜೋ ರೋಸೆಂತಾಲ್ ತೆಗೆದದ್ದು ಎರಡನೆಯದನ್ನು. ಅವರು ಯಾರಿಗೂ ಹೀಗೆ ನಿಲ್ಲಿ ಅಂತ ಹೇಳಿರಲಿಲ್ಲ. ತೊಂದರೆ ಇರುವುದು ಬೇರೆ ಕಡೆ. ಬಾವುಟ ಏರಿತು ಅಂದರೆ ಗೆದ್ದರು ಅಂತ ತಾನೇ ಓದುಗರು ಅಂದುಕೊಳ್ಳೋದು? ಅವತ್ತು ಆ ದ್ವೀಪದ ಕಾಳಗ ಶುರುವಾಗಿ ಐದನೇ ದಿನ. ಮುಗಿದದ್ದು ಮಾರ್ಚ್ 26ಕ್ಕೆ. ಬಾವುಟ ಹಿಡಿದ ಆರು ಜನರಲ್ಲಿ ಮೂವರು ಅದೇ ದ್ವೀಪದಲ್ಲಿ ಸತ್ತರು. ಆ ಆರು ಜನ ಯಾರು ಅನ್ನೋದನ್ನೂ ಸೇನೆ 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ತಿದ್ದಬೇಕಾಯಿತು. ಜಗತ್ತಿನ ಅತಿ ಹೆಚ್ಚು ಜನ ನೋಡಿದ ಫೋಟೋಗಳಲ್ಲಿ ಒಂದು, ಅದರ ಹೆಸರುಗಳೇ ಎಪ್ಪತ್ತು ವರ್ಷ ತಪ್ಪಾಗಿದ್ದವು.

ಇನ್ನು ಹಿರೋಶಿಮಾ. 1945ರ ಆಗಸ್ಟ್ 6ರಂದೇ ನಗರದೊಳಗಿನ ಹಾನಿಯನ್ನು ತೋರಿಸುವ ಫೋಟೋಗಳು ಅಂತ ಉಳಿದಿರುವುದು ಐದೇ ಐದು. ಅಲ್ಲಿನ ಪತ್ರಿಕೆಯ ಫೋಟೋಗ್ರಾಫರ್ ಯೋಶಿಟೊ ಮಾತ್ಸುಶಿಗೆ ಕ್ಯಾಮೆರಾ ಹಿಡಿದು ಹೊರಟು, ಮಿಯುಕಿ ಸೇತುವೆಯ ಹತ್ತಿರ ಬಂದರು. ಸುಟ್ಟು ಚರ್ಮ ಜೋತುಬಿದ್ದ ಮಕ್ಕಳು ಅಲ್ಲಿ ಕೂತಿದ್ದರು. ಬಟನ್ ಒತ್ತಲು ಕೈ ಬರಲಿಲ್ಲ, ಸುಮಾರು 20 ನಿಮಿಷ ಹಾಗೇ ನಿಂತಿದ್ದೆ, ಕಣ್ಣೀರಿಗೆ ಕಿಂಡಿ ಮಂಜಾಗಿತ್ತು ಅಂತ ಅವರು ಆಮೇಲೆ ಹೇಳಿದ್ದಾರೆ. ಅವತ್ತು ಪೂರ್ತಿ ನಗರ ಸುತ್ತಿ ಏಳು ಸಲ ಮಾತ್ರ ಒತ್ತಿದರು, ಐದು ಮೂಡಿದವು. ಜಪಾನ್ ಶರಣಾದ ಮೇಲೆ ಬಂದ ಅಮೆರಿಕದ ಆಡಳಿತ ಅಣುಬಾಂಬಿನ ಹಾನಿ ತೋರಿಸುವ ಚಿತ್ರಗಳನ್ನು ತಡೆಹಿಡಿಯಿತು. ಆ ಆಡಳಿತ ಮುಗಿದ ಮೇಲೆ, 1952ರ ಆಗಸ್ಟ್ 6ರ ಅಸಾಹಿ ಗ್ರಾಫ್ ಸಂಚಿಕೆಯಲ್ಲಿ ಇವು ಬಂದವು. ಏಳು ವರ್ಷ ಜಗತ್ತಿನ ಜನ ಅಣುಬಾಂಬ್ ಅಂದಾಗ ಹೆಚ್ಚಾಗಿ ಕಂಡದ್ದು ವಿಮಾನದಿಂದ ತೆಗೆದ ಅಣಬೆ ಮೋಡವನ್ನು. ಮೇಲಿನಿಂದ ಮನುಷ್ಯರು ಕಾಣುವುದಿಲ್ಲ.

ವಿಯೆಟ್ನಾಂ ಯಾಕೆ ಬೇರೆ ಅಂದರೆ, ಅಲ್ಲಿ ಅಮೆರಿಕದ ಸರ್ಕಾರ ಕಟ್ಟುನಿಟ್ಟಿನ ಸೆನ್ಸಾರ್ ಹಾಕಲಿಲ್ಲ. ಪತ್ರಕರ್ತರು ಸೇನೆಯ ಹೆಲಿಕಾಪ್ಟರ್ ಹತ್ತಿ ಬೇಕಾದ ಕಡೆ ಹೋಗುತ್ತಿದ್ದರು. ಎರಡು ತಾರೀಖುಗಳ ಅಂತರ ಒಂದು ದಿನಕ್ಕೆ ಇಳಿಯಿತು. 1968ರ ಫೆಬ್ರವರಿ 1ರಂದು ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನ್‌ನ ಬೀದಿಯಲ್ಲಿ ಪೊಲೀಸ್ ಮುಖ್ಯಸ್ಥ ಒಬ್ಬ ಕೈದಿಯ ತಲೆಗೆ ಗುಂಡು ಹೊಡೆದದ್ದನ್ನು ಎಡ್ಡಿ ಆಡಮ್ಸ್ ತೆಗೆದರು. ಮಾರನೇ ದಿನ ಅದು ಪತ್ರಿಕೆಗಳ ಮುಖಪುಟದಲ್ಲಿತ್ತು. ಅದಕ್ಕೆ ದೊಡ್ಡ ಪ್ರಶಸ್ತಿ ಬಂತು, ಆದರೆ ಆಡಮ್ಸ್‌ಗೆ ಜೀವನಪೂರ್ತಿ ಅದರ ಬಗ್ಗೆ ಸಮಾಧಾನ ಇರಲಿಲ್ಲ. ಆ ಒಂದು ಕ್ಷಣದ ಹಿಂದೆ ಮುಂದೆ ಏನಾಗಿತ್ತು ಅನ್ನೋದು ಫೋಟೋದಲ್ಲಿಲ್ಲ, ಫೋಟೋ ಅರ್ಧ ಸತ್ಯ ಮಾತ್ರ ಹೇಳುತ್ತದೆ ಅಂತ ಅವರೇ ಬರೆದರು.

ಆದರೆ ಮೈ ಲಾಯ್ ಕತೆ ನೋಡಿ. ಸೇನೆಯ ಫೋಟೋಗ್ರಾಫರ್ ರಾನ್ ಹೇಬರ್ಲೀ ಬಳಿ ಅವತ್ತು ಎರಡು ಥರದ ಕ್ಯಾಮೆರಾ ಇದ್ದವು. ಸೇನೆ ಕೊಟ್ಟಿದ್ದರಲ್ಲಿ ಕಪ್ಪು ಬಿಳುಪು ಫಿಲ್ಮ್, ಸ್ವಂತದ್ದರಲ್ಲಿ ಕಲರ್ ಫಿಲ್ಮ್. ಸೇನೆಯ ಕ್ಯಾಮೆರಾದ ರೋಲ್ ಸೇನೆಗೆ ಹೋಯಿತು, ಅದರಲ್ಲಿ ಆಕ್ಷೇಪ ಎತ್ತುವಂಥದ್ದು ಏನೂ ಇರಲಿಲ್ಲ. 128 ಶತ್ರುಗಳನ್ನು ಕೊಂದೆವು ಅಂತ ಸೇನೆ ಹೇಳಿಕೊಂಡಿತು. ಸ್ವಂತ ಕ್ಯಾಮೆರಾದ ಫೋಟೋಗಳಲ್ಲಿ ಇದ್ದದ್ದು ರಸ್ತೆಯಲ್ಲಿ ರಾಶಿ ಬಿದ್ದ ಹೆಂಗಸರು, ಕೂಸುಗಳು. ಅವು 1969ರ ನವೆಂಬರ್ 20ರಂದು ಕ್ಲೀವ್‌ಲ್ಯಾಂಡಿನ ಪ್ಲೇನ್ ಡೀಲರ್ ಪತ್ರಿಕೆಯಲ್ಲಿ ಬಂದವು. ಸೈನಿಕರು ಕೊಲ್ಲುತ್ತಿರುವುದನ್ನೇ ತೋರಿಸುವ ಕೆಲವು ಚಿತ್ರಗಳನ್ನು ತಾನು ನಾಶ ಮಾಡಿದ್ದಾಗಿ ಹೇಬರ್ಲೀ ಎಷ್ಟೋ ವರ್ಷಗಳ ನಂತರ ಒಪ್ಪಿಕೊಂಡರು. ಸೆನ್ಸಾರ್ ಇಲ್ಲದ ಯುದ್ಧದಲ್ಲೂ ಸೆನ್ಸಾರ್ ಹೀಗೆ ಮನುಷ್ಯನ ಒಳಗೇ ಕೂತಿರುತ್ತದೆ.

ಹಾಗಾದರೆ ಫೋಟೋಗಳು ಆ ಯುದ್ಧವನ್ನು ನಿಲ್ಲಿಸಿದವಾ? ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಈ ಯುದ್ಧಕ್ಕೆ ಹೋಗಿದ್ದೇ ತಪ್ಪು ಅನ್ನುವವರ ಸಂಖ್ಯೆ, ತಪ್ಪಲ್ಲ ಅನ್ನುವವರಿಗಿಂತ ಅಮೆರಿಕದ ಜನಾಭಿಪ್ರಾಯ ಅಳೆಯುವ ಗ್ಯಾಲಪ್ ಸಮೀಕ್ಷೆಯಲ್ಲಿ ಜಾಸ್ತಿ ಕಂಡದ್ದು 1967ರ ಅಕ್ಟೋಬರ್‌ನಲ್ಲಿ. ಆಡಮ್ಸ್ ಫೋಟೋಗೆ ನಾಲ್ಕು ತಿಂಗಳ ಮೊದಲು. ಮೈಗೆ ಅಂಟಿಕೊಂಡು ಉರಿಯುವ ನಾಪಾಮ್ ಬಾಂಬಿನಿಂದ ಸುಟ್ಟು, ಮೈಮೇಲೆ ಬಟ್ಟೆ ಇಲ್ಲದೆ ಅಳುತ್ತಾ ಓಡಿಬರುವ ಒಂಬತ್ತು ವರ್ಷದ ಹುಡುಗಿಯ ಫೋಟೋ ಬಂದದ್ದು 1972ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಐದು ಲಕ್ಷ ದಾಟಿದ್ದ ಅಮೆರಿಕದ ಸೈನಿಕರಲ್ಲಿ ಬಹುಪಾಲು ಜನ ಮನೆಗೆ ಹೋಗಿಯಾಗಿತ್ತು. ಯುದ್ಧ ಮುಗಿದದ್ದು 1975ರಲ್ಲಿ. ಆ ನಾಪಾಮ್ ಹಾಕಿದ್ದು ಅಮೆರಿಕದ ವಿಮಾನ ಅಂತ ಇವತ್ತಿಗೂ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಕಿದ್ದು ಅಮೆರಿಕದ ಪಕ್ಷದಲ್ಲೇ ಇದ್ದ ದಕ್ಷಿಣ ವಿಯೆಟ್ನಾಂನ ವಿಮಾನ. ಆ ಫೋಟೋ ನಿಕ್ ಉಟ್ ಹೆಸರಲ್ಲಿದೆ. ತೆಗೆದವರು ಬೇರೆ ಇರಬಹುದು ಅಂತ 2025ರಲ್ಲಿ ತಕರಾರು ಎದ್ದು, ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಅವರ ಹೆಸರನ್ನು ಸದ್ಯಕ್ಕೆ ತಡೆಹಿಡಿಯಿತು. ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಮಾತ್ರ ಅವರ ಹೆಸರನ್ನೇ ಉಳಿಸಿಕೊಂಡಿದೆ. ಫೋಟೋ ಯುದ್ಧ ನಿಲ್ಲಿಸಲಿಲ್ಲ, ಅದು ಮಾಡಿದ ಕೆಲಸ ಬೇರೆ. ಆಗಲೇ ಅನುಮಾನ ಪಡುತ್ತಿದ್ದ ಜನರಿಗೆ ಅದು ಮನುಷ್ಯರ ಮುಖ ಕೊಟ್ಟಿತು. ಇದು ಸಣ್ಣ ಕೆಲಸವೇನಲ್ಲ.

ಆದರೆ ಫೋಟೋದಿಂದಲೇ ಸೋತೆವು ಅಂತ ಸೇನೆಗಳು ನಂಬಿದವು. ಅದರ ಫಲ ಮುಂದಿನ ಯುದ್ಧಗಳಲ್ಲಿ ಕಾಣಿಸಿತು. 1982ರಲ್ಲಿ ಅರ್ಜೆಂಟೀನಾ ವಿರುದ್ಧ ಫಾಕ್ಲೆಂಡ್ಸ್ ದ್ವೀಪಗಳಿಗೆ ಹೊರಟ ಬ್ರಿಟಿಷ್ ಪಡೆಯ ಜೊತೆ ಪತ್ರಿಕೆಗಳ ಫೋಟೋಗ್ರಾಫರ್‌ಗಳು ಇದ್ದದ್ದು ಇಬ್ಬರೇ. 1991ರ ಕೊಲ್ಲಿ ಯುದ್ಧದಲ್ಲಿ ಪತ್ರಕರ್ತರನ್ನು ಗುಂಪು ಮಾಡಿ, ಸೇನೆ ತೋರಿಸಿದ ಕಡೆಗೆ ಮಾತ್ರ ಕರೆದುಕೊಂಡು ಹೋದರು. ಟ್ರಕ್ಕಿನ ಕಿಟಕಿಯಿಂದ ಹೊರಬರಲು ಹೆಣಗುತ್ತಲೇ ಕರಕಲಾದ ಇರಾಕಿ ಸೈನಿಕನ ಫೋಟೋವನ್ನು ಕೆನ್ ಜರೆಕಿ ತೆಗೆದರು. ಬ್ರಿಟನ್ನಿನ ಅಬ್ಸರ್ವರ್ ಅದನ್ನು ಕೆಲವೇ ದಿನಗಳಲ್ಲಿ ಹಾಕಿತು. ಅಮೆರಿಕದಲ್ಲಿ ಸುದ್ದಿಸಂಸ್ಥೆಯ ಸಂಪಾದಕರೇ ಅದನ್ನು ತೆಗೆದುಹಾಕಿದರು. ಸೇನೆ ಕೇಳಿರಲೂ ಇಲ್ಲ! ಅದೇ ವರ್ಷದಿಂದ 2009ರವರೆಗೆ, ಸತ್ತ ಸೈನಿಕರ ಶವಪೆಟ್ಟಿಗೆ ಅಮೆರಿಕದ ಡೋವರ್ ವಾಯುನೆಲೆಗೆ ಬಂದಿಳಿಯುವುದನ್ನು ಪತ್ರಿಕೆಗಳು ಫೋಟೋ ತೆಗೆಯುವ ಹಾಗೂ ಇರಲಿಲ್ಲ.

ಈಗ ಅಂತರ ನಿಮಿಷಗಳಿಗೆ ಇಳಿದಿದೆ. 2022ರ ಮಾರ್ಚ್ 9ರಂದು ಉಕ್ರೇನಿನ ಮರಿಯುಪೋಲ್‌ನಲ್ಲಿ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬ್ ಬಿದ್ದಾಗ, ತುಂಬು ಗರ್ಭಿಣಿಯನ್ನು ಸ್ಟ್ರೆಚರ್ ಮೇಲೆ ಒಯ್ಯುವ ಫೋಟೋವನ್ನು ಎವ್ಗೆನಿ ಮಲೋಲೆಟ್ಕಾ ತೆಗೆದು, ಸಿಗ್ನಲ್ ಸಿಗುವ ಜಾಗ ಹುಡುಕಿ ಕಳಿಸಿದರು. ಇದೆಲ್ಲ ನಟನೆ ಅಂತ ರಷ್ಯಾದ ಅಧಿಕಾರಿಗಳು ಹೇಳಿದರು. ಸುದ್ದಿಸಂಸ್ಥೆಯವರು ಆ ಹೆಂಗಸನ್ನು ಹುಡುಕಿಕೊಂಡು ಹೋದಾಗ ತಾಯಿ ಮಗು ಇಬ್ಬರೂ ತೀರಿಕೊಂಡಿದ್ದು ಗೊತ್ತಾಯಿತು. ಗಾಜಾದಲ್ಲಿ 2023ರ ಅಕ್ಟೋಬರ್ ನಂತರ ವಿದೇಶಿ ಪತ್ರಕರ್ತರಿಗೆ ಸ್ವತಂತ್ರವಾಗಿ ಒಳಗೆ ಹೋಗಲು ಇಸ್ರೇಲ್ ಬಿಡಲಿಲ್ಲ. ನಾವು ನೋಡಿದ ಫೋಟೋಗಳನ್ನು ತೆಗೆದವರು ಬಹುಪಾಲು ಅಲ್ಲೇ ಹುಟ್ಟಿ ಬೆಳೆದವರು. ತಮ್ಮ ಮನೆ ಬಿದ್ದ ದಿನವೂ ಕೆಲಸಕ್ಕೆ ಹೋದವರು. ಅವರಲ್ಲಿ ಎಷ್ಟೋ ಜನ ಇವತ್ತು ಇಲ್ಲ. 2021ರಲ್ಲಿ ಅಫ್ಘಾನಿಸ್ತಾನದ ಸ್ಪಿನ್ ಬೋಲ್ಡಕ್‌ನಲ್ಲಿ ನಮ್ಮ ಫೋಟೋಗ್ರಾಫರ್ ದಾನಿಶ್ ಸಿದ್ದೀಕಿಯನ್ನೂ ಹೀಗೇ ಕಳೆದುಕೊಂಡೆವು.

ಇಷ್ಟು ದಿನ ಮೋಸ ಇರುತ್ತಿದ್ದುದು ಎರಡನೇ ತಾರೀಖಿನಲ್ಲಿ, ತಡ ಮಾಡುವುದರಲ್ಲಿ. ಈಗ ಮೊದಲ ತಾರೀಖನ್ನೇ ಕದಿಯುತ್ತಾರೆ. ಹತ್ತು ವರ್ಷ ಹಿಂದಿನ, ಬೇರೆ ದೇಶದ ಫೋಟೋವನ್ನು ನಿನ್ನೆಯದು ಅಂತ ಹಂಚುತ್ತಾರೆ. ವಿಡಿಯೋ ಗೇಮ್ ತುಣುಕನ್ನು ವಿಮಾನ ದಾಳಿ ಅಂತ ತೋರಿಸುತ್ತಾರೆ. ಎಐ ಬಳಸಿ ಯಂತ್ರವೇ ಬರೆದ ಚಿತ್ರಕ್ಕೆ ಮೊದಲ ತಾರೀಖೇ ಇಲ್ಲ. ಹಾಗಾಗಿ ಒಂದು ಫೋಟೋ ಕಂಡರೆ ಸುಮ್ನೆ ಒಂದು ನಿಮಿಷ ತಡೆಯಿರಿ. ತೆಗೆದವರ ಹೆಸರಿದೆಯಾ, ಊರು ಮತ್ತು ದಿನ ಬರೆದಿದ್ದಾರಾ ನೋಡಿ. ಅದೇ ಚಿತ್ರವನ್ನು ಗೂಗಲ್ ಇಮೇಜ್ ಸರ್ಚ್‌ಗೆ ಹಾಕಿದರೆ ಹಳೆಯದಾಗಿದ್ದರೆ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಅದೇ ಜಾಗವನ್ನು ಬೇರೆಯವರೂ ತೆಗೆದಿದ್ದಾರಾ ಅಂತಲೂ ಹುಡುಕಿ. ಗಾರ್ಡನರ್‌ನನ್ನು ಹಿಡಿದದ್ದು ಹೀಗೇ ಅಲ್ವಾ?

ಕೊನೆಗೆ, ಜನರಿಗೆ ನಿಜವಾಗಿ ತಿಳಿಸಿದ್ದು ಯಾವುದು ಅಂತ ಒಂದನ್ನೇ ಆರಿಸು ಅಂದರೆ ನಾನು ಕೈ ತೋರಿಸುವುದು 1969ರ ಜೂನ್ 27ರ ಲೈಫ್ ಪತ್ರಿಕೆಯ ಕಡೆಗೆ. ವಿಯೆಟ್ನಾಂನಲ್ಲಿ ಒಂದು ವಾರ ಸತ್ತ ಅಮೆರಿಕದವರು ಅಂತ ಸರ್ಕಾರ ಪ್ರಕಟಿಸಿದ ಪಟ್ಟಿ ಹಿಡಿದು, ಪತ್ರಿಕೆಯವರು ಮನೆಮನೆಗಳಿಂದ ಫೋಟೋ ತರಿಸಿದರು. ಸಾಲುಸಾಲಾಗಿ 200ಕ್ಕೂ ಹೆಚ್ಚು ಮುಖಗಳನ್ನು ಅಚ್ಚು ಹಾಕಿದರು. ಬಂದೂಕಿಲ್ಲ, ರಕ್ತವಿಲ್ಲ. ಕೆಲವು ಶಾಲೆಯ ಫೋಟೋಗಳು, ಕೆಲವು ಯೂನಿಫಾರ್ಮ್ ಹಾಕಿದ ಹೊಸದರಲ್ಲಿ ತೆಗೆಸಿದವು. ಕೆಳಗೆ ಹೆಸರು, ವಯಸ್ಸು, ಊರು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು, ಹೀಗೆ ಪುಟದ ಮೇಲೆ ಪುಟ. ನನ್ನ ತರಗತಿಯಲ್ಲಿ ಅದನ್ನು ತೋರಿಸಿದಾಗ ಹುಡುಗರು ಮೊದಲು ಹುಡುಕುವುದು ತಮ್ಮ ವಯಸ್ಸನ್ನು.